ಮೂರನೆಯ ಬಟ್ಟಲು

ಆರೂ ಬಟ್ಟಲುಗಳು ಬೆಳ್ಳಗೇ ಉಳಿದವು. ಹೊಸಮನಿ ಒಂದೊಂದಕ್ಕೂ ಮೂರು ಹನಿ ದ್ರಾವಣ ಬಿಟ್ಟು, ಗಾಜಿನ ಕಡ್ಡಿಯಿಂದ ಕಲಕಿ, ಮೂಗು ತಾಗುವಷ್ಟು ಬಗ್ಗಿ ನೋಡಿದ. ಬಟ್ಟಲುಗಳಲ್ಲಿ ಬಾವಿಯ ನೀರು, ಒಂದಕ್ಕಿಂತ ಮುಂದಿನದರಲ್ಲಿ ಹೆಚ್ಚು ಬ್ಲೀಚಿಂಗ್ ಪೌಡರು. ಪೌಡರಿಗೆ ಕಸುವಿದ್ದರೆ ಯಾವುದಾದರೊಂದು ಬಟ್ಟಲು ನೀಲಿಯಾಗಬೇಕು. ಎಷ್ಟನೆಯದು ಮೊದಲು ನೀಲಿಯಾಗುತ್ತದೋ ಬಾವಿಗೆ ಅಷ್ಟರ ಲೆಕ್ಕದಲ್ಲಿ ಪೌಡರು. ತರಬೇತಿಯ ಮೊದಲ ವಾರವೇ ಕಲಿಸಿದ ಪಾಠ. ಹದಿನೆಂಟು ದಿನಗಳಿಂದ ಯಾವ ಬಟ್ಟಲೂ ನೀಲಿಯಾಗಿರಲಿಲ್ಲ. ಆದರೂ ಅವನು ದಿನವೂ ಬೆಳಿಗ್ಗೆ ಪೆಟ್ಟಿಗೆ ತೆರೆದು, ಬಟ್ಟಲುಗಳನ್ನು ಸಾಲಾಗಿಟ್ಟು, ಅರ್ಧ ಗಂಟೆ ಕಾದು, ಬಗ್ಗಿ ನೋಡುತ್ತಿದ್ದ. ಉಸಿರು ನಿಂತವರ ಮೂಗಿನ ಹತ್ತಿರ ಮತ್ತೆ ಮತ್ತೆ ಬೆರಳಿಟ್ಟು ನೋಡುವವರ ಹಾಗೆ. ಆಮೇಲೆ ರಿಜಿಸ್ಟರು ತೆಗೆದು, ೧೯೬೭ರ ಜುಲೈ ತಿಂಗಳ ಆ ತಾರೀಖಿನ ಮುಂದೆ ದುಂಡನೆಯ ಅಕ್ಷರಗಳಲ್ಲಿ ಬರೆದ: ಮೂರನೆಯ ಬಟ್ಟಲು ನೀಲಿ, ನೀರು ಕುಡಿಯಲು ಯೋಗ್ಯ. ಮೂರು ಎಂಬುದನ್ನು ಅವನು ಯೋಚಿಸಿ ಆರಿಸಿಕೊಂಡಿದ್ದ. ಒಂದು ಎಂದರೆ ಮಳೆಗಾಲದ ಬಾವಿಗೆ ನಂಬುವ ಮಾತಲ್ಲ. ಆರು ಎಂದರೆ ಯಾಕೆ ಎಂದು ಕೇಳುತ್ತಾರೆ. ಮೂರು ಯಾರ ಕಣ್ಣಿಗೂ ಬೀಳುವುದಿಲ್ಲ. ತಾನೂ ಹಾಗೆಯೇ ಬದುಕಿದ್ದೇನಲ್ಲ ಎಂದು ಒಂದು ಸಲ ಅನ್ನಿಸಿ, ಆ ಯೋಚನೆಯನ್ನು ಅಲ್ಲಿಗೇ ಬಿಟ್ಟು, ಬಟ್ಟಲುಗಳ ನೀರನ್ನು ಹೊರಗೆ ಚೆಲ್ಲಿದ.

ತಗಡಿನ ಶೆಡ್ಡಿನ ಹೊರಗೆ ಮಳೆ ಒಂದೇ ಸಮನೆ ಬೀಳುತ್ತಿತ್ತು. ಮುಂಡಗೋಡದಿಂದ ಮೂರು ಮೈಲಿಯಾಚೆ, ಚಿಗಳ್ಳಿಯ ಹೊಲಗಳು ಮುಗಿದು ಕಾಡು ಶುರುವಾಗುವಲ್ಲಿ, ಟಿಬೆಟಿನಿಂದ ಓಡಿಬಂದವರಿಗಾಗಿ ಮರ ಕಡಿದು ಎಬ್ಬಿಸಿದ ಕ್ಯಾಂಪು ಅದು. ಹಿಮದ ನಾಡಿನ ಜನ ಈ ಮಳೆ, ಈ ಸೊಳ್ಳೆ, ಈ ಕೆಂಪು ರಾಡಿಯ ನಡುವೆ ಡೇರೆಗಳಲ್ಲಿ ಕೂತು, ಒದ್ದೆ ಕಟ್ಟಿಗೆ ಊದುತ್ತ ಕೆಮ್ಮುತ್ತಿದ್ದರು. ಅವರ ಕುಡಿಯುವ ನೀರು, ಸಂಡಾಸದ ತಗ್ಗು ಎರಡೂ ಹೊಸಮನಿಯ ಜವಾಬ್ದಾರಿ. ಪರಿಹಾರ ಸಮಿತಿಯೊಂದು ಅವನನ್ನು ಸರಕಾರದಿಂದ ಎರವಲು ಪಡೆದಿತ್ತು. ಸ್ಯಾನಿಟರಿ ಇನ್ಸ್‌ಪೆಕ್ಟರ್ ಡಿ. ಎಲ್. ಹೊಸಮನಿ. ಡಿ ಎಂದರೆ ಏನು ಎಂದು ಇಲ್ಲಿ ಯಾರೂ ಕೇಳಿರಲಿಲ್ಲ. ಹೊಸಮನಿ ಎಂಬ ಅಡ್ಡಹೆಸರು ಮಾತ್ರ ಎಲ್ಲರಿಗೂ ಒಪ್ಪಿಗೆಯಾಗಿತ್ತು. ಆ ಹೆಸರಿನವರು ಎಲ್ಲ ಜಾತಿಯಲ್ಲೂ ಇದ್ದರು. ಮುಂಡಗೋಡದ ಪೇಟೆಯಲ್ಲಿ ಅವನು ಬಾಡಿಗೆಗಿದ್ದ ಮನೆಯ ವಿಧವೆ ಈರಕ್ಕ ಮೊದಲ ದಿನವೇ, “ಹೊಸಮನಿ ಅಂದ್ರ ನಮ್ಮ ಪೈಕಿನ ಅಲ್ಲೇನ್ರಿ?” ಎಂದು ಕೇಳಿದ್ದಳು. ಅವನು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ, ನಕ್ಕಿದ್ದ. ಆ ನಗುವಿನಿಂದ ಒಳಗಿನ ಕೋಣೆಯೂ, ಅವಳ ಅಡಿಗೆಮನೆಯ ಊಟವೂ ಸಿಕ್ಕಿದ್ದವು. ಧಾರವಾಡದಲ್ಲಿದ್ದ ಹೆಂಡತಿ ಮಕ್ಕಳನ್ನು ಒಮ್ಮೆಯೂ ಇಲ್ಲಿಗೆ ಕರೆದುಕೊಂಡು ಬಂದಿರಲಿಲ್ಲ. ಹೆಂಡತಿಗೆ ಹಾಗೆ ನಗಲು ಬರುತ್ತಿರಲಿಲ್ಲ.

ಛೋಫೆಲ್ ಬಂದು ಬಾಗಿಲಲ್ಲಿ ನಿಂತ. ನಲವತ್ತು ದಾಟಿದ, ಹಿಂದೆ ಸನ್ಯಾಸಿಯಾಗಿದ್ದ, ಹಿಂದಿ ಬಲ್ಲ ಒಬ್ಬನೇ ದುಭಾಷಿ. ಹದಿನೇಳನೆಯ ಡೇರೆಯ ಕೂಸು ಬೆಳಗಿನ ಜಾವ ಹೋಯಿತು ಎಂದ. ಭೇದಿ ಶುರುವಾಗಿ ಎರಡೇ ದಿನ. ಇದು ಮೂರನೆಯದು. ತಾಯಿ ಒಂದು ಮಾತು ಕೇಳಿಕೊಂಡು ಬಾ ಎಂದಿದ್ದಾಳೆ, ನೀರು ಒಳ್ಳೆಯದಿದೆಯೇ ಎಂದು. ಅವಳಿಗೆ ಇನ್ನೂ ಎರಡು ಮಕ್ಕಳಿದ್ದಾವೆ. ಹೊಸಮನಿ ರಿಜಿಸ್ಟರನ್ನು ತಿರುಗಿಸಿ ತೋರಿಸಿದ, ಶಾಯಿ ಇನ್ನೂ ಹಸಿಯಾಗಿತ್ತು. ಛೋಫೆಲ್‌ಗೆ ಕನ್ನಡ ಓದಲು ಬರುತ್ತಿರಲಿಲ್ಲ. ಆದರೂ ಅವನು ಆ ಸಾಲನ್ನು ಭಕ್ತಿಯಿಂದ ನೋಡಿದ, ಎರಡೂ ಕೈ ಜೋಡಿಸಿದ, ಮಳೆಯಲ್ಲಿ ವಾಪಸು ಹೋದ. ಅವನು ಜಗಳಾಡಿದ್ದರೆ, ಒಂದು ಕೆಟ್ಟ ಮಾತು ಆಡಿದ್ದರೆ ಹೊಸಮನಿಗೆ ಹಗುರಾಗುತ್ತಿತ್ತು. ಕೈ ಮುಗಿದದ್ದರಿಂದ ಛೋಫೆಲ್‌ನ ಮೇಲೆ ಸಿಟ್ಟು ಬಂತು. ಕೈ ಮುಗಿಯುವವರ ಮೇಲೆಲ್ಲ ಅವನಿಗೆ ಚಿಕ್ಕಂದಿನಿಂದ ಒಂದು ಸಿಟ್ಟಿತ್ತು.

ಮೂಲೆಯಲ್ಲಿ ಬ್ಲೀಚಿಂಗ್ ಪೌಡರಿನ ಡ್ರಮ್ಮು ನಿಂತಿತ್ತು. ಅದರಲ್ಲಿದ್ದದ್ದು ಈಗ ಪೌಡರಲ್ಲ, ಒದ್ದೆ ಸುಣ್ಣ. ಮೂಗು ಹತ್ತಿರ ಒಯ್ದರೂ ವಾಸನೆಯಿಲ್ಲ. ಹದಿನೆಂಟು ದಿನಗಳ ಹಿಂದೆ ಅವನು ಮುಚ್ಚಳ ತೆಗೆದು ಚಮಚದಿಂದ ಅಳೆಯುತ್ತಿದ್ದಾಗ ಬೆಳಕಿಗೆ ಯಾರೋ ಅಡ್ಡ ಬಂದಿದ್ದರು. ಸಂಡಾಸದ ತಗ್ಗು ತೋಡುವ ಕೂಲಿಯವರಲ್ಲಿ ಒಬ್ಬಳು, ಮಣ್ಣಿನ ಬುಟ್ಟಿ ಇನ್ನೂ ಸೊಂಟದ ಮೇಲೇ ಇತ್ತು. ಅರವತ್ತರ ಮುದುಕಿ ಎಂದುಕೊಂಡ. ಅವಳು ಅವನ ಮುಖ ನೋಡಲಿಲ್ಲ, ಕುತ್ತಿಗೆ ಚಾಚಿ ಅವನ ಎಡಗಿವಿಯ ಹಿಂದೆ ನೋಡಿದಳು. ಅಲ್ಲಿ ಸುಟ್ಟ ಕಲೆಯೊಂದಿತ್ತು.

“ದ್ಯಾಮ್ಯಾ ಅಲ್ಲೇನ ನೀ?”

ಇಪ್ಪತ್ತನಾಲ್ಕು ವರ್ಷ ಯಾರೂ ಕರೆಯದ ಹೆಸರು. ಅವನ ಬೆನ್ನು ಮೊದಲು ಕೇಳಿಸಿಕೊಂಡಿತು. ಮುದಕವ್ವ, ತಾಯಿಯ ತಂಗಿ, ಚಿಗವ್ವ. ಅವನಿಗಿಂತ ಆರೇ ವರ್ಷ ದೊಡ್ಡವಳು. ಅಂದರೆ ಅವಳಿಗೀಗ ನಲವತ್ತೆರಡು ಎಂದು ಲೆಕ್ಕ ಹಾಕಿ ದಂಗಾದ. ತಾಯಿ ಸತ್ತ ಮೇಲೆ ಅವನನ್ನು ಕಂಕುಳಲ್ಲಿ ಹೊತ್ತು ಕೇರಿಯೆಲ್ಲ ತಿರುಗಿದವಳು. ಹನ್ನೆರಡರ ವಯಸ್ಸಿಗೆ ಅವನನ್ನು ಧಾರವಾಡದ ಹರಿಜನ ವಿದ್ಯಾರ್ಥಿ ನಿಲಯಕ್ಕೆ ಸೇರಿಸಿದಾಗ ಊರ ಅಗಸೆಬಾಗಿಲ ತನಕ ಬಂದು, ಅಳದೆ, ಚಡ್ಡಿಯ ಗುಂಡಿ ಹಾಕಿ ಕಳಿಸಿದವಳು. ಮರುವರ್ಷ ಅವಳ ಲಗ್ನವಾಗಿ ಯಾವುದೋ ದೂರದ ಕಾಡಿನೂರಿಗೆ ಹೋದಳು ಎಂದು ಕೇಳಿದ್ದ. ಆ ಊರು ಚಿಗಳ್ಳಿ ಎಂದು ಕೇಳಿರಲಿಲ್ಲ. ಕೇಳಿದ್ದರೆ ಈ ನೇಮಕವನ್ನು ಹೇಗಾದರೂ ತಪ್ಪಿಸಿಕೊಳ್ಳುತ್ತಿದ್ದ.

“ಯಾರು ನೀನು? ಒಳಗ ಯಾಕ ಬಂದಿ?” ಎಂದ. ದನಿ ತನ್ನದಲ್ಲ ಎನ್ನಿಸುವಷ್ಟು ಸಲೀಸಾಗಿ ಬಂತು. ಅಷ್ಟರಲ್ಲಿ ಕೂಲಿಯವರನ್ನು ಒದಗಿಸುವ ಗುತ್ತಿಗೆದಾರ ಉಳವಪ್ಪ ಕೊಡೆ ಹಿಡಿದು ಶೆಡ್ಡಿನತ್ತ ಬರುತ್ತಿದ್ದದ್ದು ಇಬ್ಬರಿಗೂ ಕಂಡಿತು. ಮುದಕವ್ವ ಅವನ ಇಸ್ತ್ರಿ ಅಂಗಿ, ಕೈಗಡಿಯಾರ, ಹಿಂದೆ ಬರುತ್ತಿದ್ದ ಉಳವಪ್ಪ ಎಲ್ಲವನ್ನೂ ಒಂದು ಸುತ್ತು ನೋಡಿದಳು. ಅವಳ ಮುಖದಲ್ಲಿ ಏನೋ ಮುಚ್ಚಿಕೊಂಡಿತು.

“ತಪ್ಪಾತ್ರಿ ಸಾಹೇಬ್ರ. ಕಣ್ಣು ಮಂಜ ಆಗ್ಯಾವು. ನಮ್ಮ ಹುಡುಗ ಒಬ್ಬಾಂವ ಇದ್ದ, ಹಂಗ ಕಂಡ್ರಿ,” ಎಂದು ಹಿಂದೆ ಸರಿದು, ಸೆರಗು ಎಳೆದುಕೊಂಡು ಹೋದಳು.

ಹೊಸಮನಿ ಸೈಕಲ್ಲು ಹತ್ತಿ, ಉಳವಪ್ಪ ಏನೋ ಕೇಳುತ್ತಿದ್ದರೂ ನಿಲ್ಲದೆ, ಮಳೆಯಲ್ಲಿ ಮುಂಡಗೋಡದ ತನಕ ತುಳಿದಿದ್ದ. ಡ್ರಮ್ಮಿನ ಮುಚ್ಚಳ ನೆಲದ ಮೇಲೇ ಉಳಿದಿತ್ತು. ತಗಡಿನ ಸಂದಿಯಿಂದ ನೀರು ಸೋರಿ, ಮಾರನೆಯ ಬೆಳಿಗ್ಗೆ ನೋಡಿದರೆ ಪೌಡರೆಲ್ಲ ಕಲಸಿದ ಹಿಟ್ಟು. ಹುಬ್ಬಳ್ಳಿಯಿಂದ ಬೇರೆ ತರಿಸಬಹುದಿತ್ತು, ಎರಡು ಸಾಲಿನ ಚೀಟಿ ಸಾಕಿತ್ತು. ಆ ಎರಡು ಸಾಲನ್ನು ಕ್ಯಾಂಪಿನ ಅಧಿಕಾರಿ ಇನಾಮದಾರರಿಗೆ ಬರೆಯಬೇಕಾಗಿತ್ತು. ಇನಾಮದಾರರು ಒಳ್ಳೆಯ ಮನುಷ್ಯರು, ಖಾದಿ ತೊಡುವವರು. ಹಿಂದಿನ ತಿಂಗಳು ಉಗ್ರಾಣದ ಕೀಲಿಕೈ ಕಳೆದ ಗುಮಾಸ್ತನೊಬ್ಬನನ್ನು ಮನೆಗೆ ಕಳಿಸಿ, ಹೊಸಮನಿಯ ಕಡೆ ತಿರುಗಿ ಬೇಸರದಿಂದಲೇ ಹೇಳಿದ್ದರು: “ಆ ಜನಕ್ಕ ಎಷ್ಟು ಕಲಿಸಿದರೂ ಇಷ್ಟ ನೋಡ್ರಿ ಹೊಸಮನಿ. ಅವರ ತಪ್ಪಲ್ಲ ಅದು. ರಕ್ತದಾಗ ಜವಾಬ್ದಾರಿ ಇರೂದಿಲ್ಲ.” ಹೊಸಮನಿ ನಕ್ಕಿದ್ದ. ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ನಕ್ಕಿದ್ದ. ಚೀಟಿ ಬರೆಯಲು ಕೂತಾಗಲೆಲ್ಲ ಆ ನಗು ನೆನಪಾಗಿ ಪೆನ್ನು ಮುಚ್ಚಿಡುತ್ತಿದ್ದ. ನಾಳೆ ಬರೆದರಾಯಿತು ಎಂದುಕೊಂಡ. ಸತ್ತ ಪೌಡರನ್ನೇ ಅಳೆದು ಅಳೆದು ಬಾವಿಗೆ ಸುರಿದ. ನೀರು ಸ್ವಲ್ಪ ಬೆಳ್ಳಗಾಗಿ ಕಾಣುತ್ತಿತ್ತು, ನೋಡಿದವರಿಗೆ ಸಮಾಧಾನವಾಗುತ್ತಿತ್ತು.

ಮುದಕವ್ವ ಮತ್ತೆ ಅವನ ಹತ್ತಿರ ಬರಲಿಲ್ಲ. ಎದುರಾದರೆ ಸೆರಗು ಎಳೆದುಕೊಂಡು ಪಕ್ಕಕ್ಕೆ ಸರಿಯುತ್ತಿದ್ದಳು, ಎಲ್ಲ ಕೂಲಿಯವರಿಗಿಂತ ಎರಡು ಹೆಜ್ಜೆ ಹೆಚ್ಚು. ಆದರೆ ಕೆಲಸ ಬಿಡುವ ಹೊತ್ತಿಗೆ ಅವಳು ಕ್ಯಾಂಪಿನ ಬಾವಿಗೆ ಹೋಗುವುದು ಶೆಡ್ಡಿನಿಂದ ಕಾಣುತ್ತಿತ್ತು. ಟಿಬೆಟಿನ ಹೆಂಗಸರು ಅವಳಿಗೆ ಹಗ್ಗ ಕೊಡುತ್ತಿದ್ದರು. ತಾವೇ ಪಕ್ಕಕ್ಕೆ ನಿಂತು ಜಾಗ ಬಿಡುತ್ತಿದ್ದರು, ಅವಳ ಬಳೆ ಮುಟ್ಟಿ ನೋಡಿ ನಗುತ್ತಿದ್ದರು. ಮುದಕವ್ವ ಹಗ್ಗ ಇಳಿಸುವ ಮೊದಲು ಮಳೆನೀರು ನಿಂತ ಹೊಂಡದ ಬದಿಗೆ ಕೂತು, ಒಲೆಯ ಬೂದಿ ಕೇಳಿ ತೆಗೆದುಕೊಂಡು, ಮೊಣಕೈ ತನಕ ತಿಕ್ಕಿ ತಿಕ್ಕಿ ಕೈ ತೊಳೆಯುತ್ತಿದ್ದಳು. ದೇವರ ಕೆಲಸಕ್ಕೆ ಹೊರಟವಳ ಹಾಗೆ. ಹುಟ್ಟಿದಾಗಿನಿಂದ ಒಂದು ಬಾವಿಗೂ ಕೊಡ ಇಳಿಸದವಳು, ತನ್ನ ಕೈಯಾರೆ ನೀರು ಸೇದುವಾಗ ಅವಳ ಮುಖ ನೋಡಬೇಕೆಂದು ಹೊಸಮನಿಗೆ ಅನ್ನಿಸುತ್ತಿತ್ತು. ಅಷ್ಟು ದೂರಕ್ಕೆ ಕಾಣುತ್ತಿರಲಿಲ್ಲ. ತುಂಬಿದ ಕೊಡ ಹೊತ್ತು ಅವಳು ಚಿಗಳ್ಳಿಯ ಕೇರಿಗೆ ನಡೆಯುತ್ತಿದ್ದಳು. ಕೇರಿಯವರಿಗೆ ಊರ ಬಾವಿಯಿಲ್ಲ, ಹಳ್ಳವೇ ಗತಿ, ಮಳೆಗಾಲದಲ್ಲಿ ಹಳ್ಳ ಬರೀ ರಾಡಿ.

ಒಂದು ಮಧ್ಯಾಹ್ನ ಶೆಡ್ಡಿನ ಹೊಸ್ತಿಲಲ್ಲಿ ಮುತ್ತಲದ ಎಲೆಯಲ್ಲಿ ಸುತ್ತಿದ ಎರಡು ರೊಟ್ಟಿ, ಶೇಂಗಾ ಹಿಂಡಿ ಇದ್ದವು. ಯಾರು ಇಟ್ಟರು ಎಂದು ಕೇಳುವ ಅಗತ್ಯವಿರಲಿಲ್ಲ. ಅವನು ಸುತ್ತ ನೋಡಿ, ಬಾಗಿಲು ಮುಂದೆ ಮಾಡಿ, ಡ್ರಮ್ಮಿನ ಹಿಂದೆ ಗೋಡೆಗೆ ಮುಖ ಮಾಡಿ ನಿಂತು ಗಬಗಬನೆ ತಿಂದ. ಹಿಂಡಿಯಲ್ಲಿ ಬೆಳ್ಳುಳ್ಳಿ ಸುಟ್ಟು ಹಾಕಿದ್ದಳು. ಆ ರುಚಿ ನಾಲಿಗೆಗೆ ತಾಗಿದ ಕೂಡಲೆ ಅವಳನ್ನು ದ್ವೇಷಿಸಿದ. ತಿಂದ ಎಲೆಯನ್ನು ಚಿಕ್ಕದಾಗಿ ಹರಿದು ಸಂಡಾಸದ ತಗ್ಗಿಗೆ ಎಸೆದು, ಈರಕ್ಕನ ಮನೆಗೆ ಹೋಗುವ ಮುನ್ನ ಮೂರು ಸಲ ಬಾಯಿ ಮುಕ್ಕಳಿಸಿದ.

ನಾಲ್ಕನೆಯ ಮಗು ಸತ್ತ ದಿನ ಇನಾಮದಾರರು ತಮ್ಮ ಡೇರೆಗೆ ಕರೆಸಿದರು. ಉಳವಪ್ಪನೂ ಅಲ್ಲಿದ್ದ. ಮೇಜಿನ ಮೇಲೆ ರಿಜಿಸ್ಟರು ತೆರೆದಿತ್ತು. ಇಷ್ಟು ದಿನ ಯಾರೂ ನೋಡದ ಮೂರರ ಸಾಲು ಮೇಲಿನಿಂದ ಕೆಳಗಿನ ತನಕ ಇಳಿದಿತ್ತು. ಈಗ ಹೇಳಿಬಿಡಬೇಕು ಎಂದು ಹೊಸಮನಿ ಅಂದುಕೊಂಡ. ಪೌಡರು ಕೆಟ್ಟಿದೆ ಸರ್, ಮೂರೇ ಶಬ್ದ. ಇನಾಮದಾರರು ಕನ್ನಡಕ ಒರೆಸುತ್ತ, “ನಿಮ್ಮ ಕೆಲಸದಾಗ ಏನೂ ತಪ್ಪಿಲ್ಲ ಹೊಸಮನಿ, ದಿನಾ ಪರೀಕ್ಷಾ ಮಾಡೀರಿ. ನೀರು ಮುಂಜಾನೆ ಚೊಲೋ ಇರತೈತಿ. ಆಮ್ಯಾಲೆ ಕೆಡತೈತಿ. ಹೆಂಗ ಕೆಡತೈತಿ ಅನ್ನೂದು ಪ್ರಶ್ನಾ,” ಎಂದರು.

“ನಾ ಹೇಳತೇನ್ರಿ,” ಎಂದ ಉಳವಪ್ಪ. “ನಮ್ಮ ಆಳಿನಾಗ ಚಿಗಳ್ಳಿ ಕೇರಿಯಾಕಿ ಒಬ್ಬಾಕಿ ಅದಾಳ, ಮುದಕವ್ವ ಅಂತ. ದಿನಾ ಸಂಜೀಕ ಬಾವ್ಯಾಗ ತನ್ನ ಕೊಡಾ ಇಳಸ್ತಾಳ. ಈ ಮಂದಿಗೆ ತಿಳೂದಿಲ್ಲ, ಹಗ್ಗಾ ಕೊಡ್ತಾರ. ಊರಾಗಿನ ಹಿರೇರು ಆಗಿಂದ ಮಾತಾಡಾಕತ್ತಾರ, ಬಾವಿ ಮೈಲಿಗಿ ಆದಮ್ಯಾಲೆ ಕೂಸು ಸಾಯದ ಏನಾಗತಾವು ಅಂತ.”

ಇನಾಮದಾರರು ಮುಖ ಕಿವುಚಿದರು. “ಮೈಲಿಗಿ ಗೀಲಿಗಿ ನನ್ನ ಮುಂದ ಹೇಳಬ್ಯಾಡ. ಆ ಕಾಲ ಹೋತು.” ಆಮೇಲೆ ಹೊಸಮನಿಯ ಕಡೆ ತಿರುಗಿದರು. “ಶಾಸ್ತ್ರದ ಪ್ರಕಾರ ಹೇಳ್ರಿ. ಸಂಡಾಸದ ತಗ್ಗಿನಾಗ ಕೆಲಸ ಮಾಡಾಕಿ, ಅದ ಕೈಲೆ ಕೊಡಾ ಇಳಿಸಿದ್ರ ರೋಗ ಬರಬಹುದೇನು?”

ಪ್ರಶ್ನೆ ಎಷ್ಟು ಸ್ವಚ್ಛವಾಗಿತ್ತು. ಜಾತಿಯ ಕಲೆಯೇ ಇಲ್ಲದ, ತೊಳೆದಿಟ್ಟ ಪ್ರಶ್ನೆ. ಅದಕ್ಕೆ ಪುಸ್ತಕದಲ್ಲಿ ಉತ್ತರವಿತ್ತು, ಅವನು ಪರೀಕ್ಷೆಯಲ್ಲಿ ಬರೆದು ಮೊದಲ ದರ್ಜೆ ಪಡೆದ ಉತ್ತರ.

“ಬರಬಹುದು ಸರ್,” ಎಂದ.

ಮುದಕವ್ವನನ್ನು ಕರೆಸಿದರು. ಡೇರೆಯ ಹೊರಗೆ, ಮಳೆಯಲ್ಲೇ ನಿಂತಳು. ಒಳಗೆ ಬಾ ಎಂದು ಇನಾಮದಾರರು ಹೇಳಿದರೂ ಬರಲಿಲ್ಲ. ಕೊಡ ಇಳಿಸಿದ್ದು ನಿಜವೇ ಎಂದು ಕೇಳಿದ್ದಕ್ಕೆ, “ಹೌದ್ರಿ, ಇಳಿಸೇನ್ರಿ,” ಎಂದಳು. ಹಗ್ಗ ಯಾರು ಕೊಟ್ಟರು ಎಂದು ಉಳವಪ್ಪ ಗದರಿದಾಗ, ತಾನೇ ತೆಗೆದುಕೊಂಡೆ ಎಂದಳು. ಇನಾಮದಾರರು ಹೊಸಮನಿಗೆ, “ನೀವು ಏನರ ಕೇಳೂದೈತೇನು?” ಎಂದರು. ಕೇಳುವುದೇನೂ ಇರಲಿಲ್ಲ. ಆದರೆ ಸುಮ್ಮನಿದ್ದರೆ ಅವಳ ಪರವಾಗಿದ್ದಂತೆ ಕಾಣುತ್ತದೆಯೇ, ಉಳವಪ್ಪ ಅವತ್ತು ಶೆಡ್ಡಿನತ್ತ ಬರುತ್ತ ಎಷ್ಟು ಕೇಳಿಸಿಕೊಂಡಿರಬಹುದು, ಎಂಬ ಲೆಕ್ಕ ತಲೆಯಲ್ಲಿ ಓಡಿ ಬಾಯಿ ತೆರೆಯಿತು.

“ಕೊಡಾ ಇಳಿಸೂ ಮೊದಲ ಕೈ ತೊಳಕೊಂಡಿದ್ದೇನು?”

ಮುದಕವ್ವ ಮೊದಲ ಸಲ ತಲೆಯೆತ್ತಿ ಅವನ ಮುಖವನ್ನೇ ನೋಡಿದಳು. ಮಂಜಾಗಿವೆ ಎಂದ ಕಣ್ಣುಗಳಲ್ಲಿ ಯಾವ ಮಂಜೂ ಇರಲಿಲ್ಲ. ಅವಳು ಬೂದಿಯಿಂದ ಕೈ ತಿಕ್ಕುವುದನ್ನು ಅವನು ಕಂಡಿದ್ದಾನೆ ಎಂಬುದು ಅವಳಿಗೆ ಗೊತ್ತಿತ್ತು. ಅವನಿಗೆ ಯಾವ ಉತ್ತರ ಬೇಕಾಗಿದೆ ಎಂಬುದೂ ಗೊತ್ತಾಯಿತು. ಅಗಸೆಯಲ್ಲಿ ಚಡ್ಡಿಯ ಗುಂಡಿ ಹಾಕಿದ ಬೆರಳುಗಳಿಂದಲೇ ಸೆರಗಿನ ನೀರು ಹಿಂಡಿದಳು.

“ಇಲ್ರಿ ಸಾಹೇಬ್ರ. ತೊಳದಿದ್ದಿಲ್ರಿ.”

ಹೊಸಮನಿ ಅದನ್ನು ಬರೆದುಕೊಂಡ. ಉಳವಪ್ಪ ಅವಳ ಕೊಡವನ್ನು ತರಿಸಿ ಬಾವಿಕಟ್ಟೆಯ ಕಲ್ಲಿಗೆ ಒಗೆದ. ಟಿಬೆಟಿನ ಹೆಂಗಸರು ಏನಾಯಿತೆಂದು ತಿಳಿಯದೆ ಛೋಫೆಲ್‌ನ ಮುಖ ನೋಡಿದರು. ಛೋಫೆಲ್ ಹೊಸಮನಿಯ ಮುಖ ನೋಡಿದ. ಅವಳಿಂದಲೇ ಮಕ್ಕಳು ಸತ್ತವು ಎಂದು ಹೊಸಮನಿ ಹಿಂದಿಯಲ್ಲಿ ಹೇಳಬೇಕಾಯಿತು. ಹೇಳಿದ. ಛೋಫೆಲ್ ಅದನ್ನು ತನ್ನ ಭಾಷೆಗೆ ಹೊರಳಿಸಿದ. ಹದಿನೇಳನೆಯ ಡೇರೆಯ ತಾಯಿ, ಎಷ್ಟೋ ಸಂಜೆ ಹಗ್ಗ ಕೊಟ್ಟವಳು, ಬಂದು ಮುದಕವ್ವನ ಮುಖದ ಮೇಲೆ ಉಗುಳಿದಳು. ಮುದಕವ್ವ ಒರೆಸಿಕೊಳ್ಳಲಿಲ್ಲ. ಮಳೆ ತೊಳೆಯಿತು.

ಅಂದಿನಿಂದ ಕೂಲಿಯವರಾರೂ ಬಾವಿಯ ಕಡೆ ಸುಳಿಯಬಾರದೆಂದು ಆಜ್ಞೆಯಾಯಿತು. ಬಾವಿಯನ್ನು ಪೂರ್ತಿ ಶುದ್ಧಮಾಡಲು ಹೊಸ ಡ್ರಮ್ಮು ಬೇಕು ಎಂದು ಹೊಸಮನಿ ಈಗ ನಿರ್ಭಯವಾಗಿ ಚೀಟಿ ಬರೆದ. ಇನಾಮದಾರರು ಕೂಡಲೆ ಸಹಿ ಹಾಕಿದರು. ನಾಲ್ಕು ದಿನದಲ್ಲಿ ಹುಬ್ಬಳ್ಳಿಯಿಂದ ಲಾರಿ ಬಂತು. ಮುಚ್ಚಳ ತೆಗೆದಾಗ ವಾಸನೆ ಮೂಗಿಗೆ ಹೊಡೆದು ಕಣ್ಣಲ್ಲಿ ನೀರು ಬಂತು. ಬಟ್ಟಲುಗಳನ್ನಿಟ್ಟು ಕಾದ. ಮೂರನೆಯದು ನೀಲಿಯಾಯಿತು. ನಾಲ್ಕು, ಐದು, ಆರು ಇನ್ನೂ ಗಾಢವಾದವು. ಮೂರು ವಾರಗಳಿಂದ ಬರೆಯುತ್ತ ಬಂದ ಸುಳ್ಳು ಇವತ್ತು ಹೀಗೆ ತಾನಾಗಿ ನಿಜವಾದದ್ದನ್ನು ಕಂಡು ಅವನು ಮಗುವಿನ ಹಾಗೆ ಸಂತೋಷಪಟ್ಟ. ವಾರದೊಳಗೆ ಭೇದಿ ನಿಂತಿತು. “ನೋಡಿದ್ರಿ,” ಎಂದರು ಇನಾಮದಾರರು, “ಆಕಿನ್ನ ದೂರ ಇಟ್ಟ ಕೂಡಲೆ ನಿಂತು. ಶಾಸ್ತ್ರ ಅಂದ್ರ ಶಾಸ್ತ್ರ.” ಅವನ ಹೆಸರನ್ನು ಮೇಲಿನವರಿಗೆ ಒಳ್ಳೆಯ ಮಾತಿನೊಂದಿಗೆ ಬರೆದು ಕಳಿಸಿದರು. ಹಳಿಯಾಳಕ್ಕೆ ಬಡ್ತಿ ಬರುವ ಸೂಚನೆಯಿತ್ತು.

ಒಂದು ಸಂಜೆ ಈರಕ್ಕನ ಪಡಸಾಲೆಯಲ್ಲಿ ಕೂತು ಕ್ಯಾಂಪಿನ ನಕಾಶೆಯನ್ನು ಸ್ವಚ್ಛವಾಗಿ ಬರೆಯುತ್ತಿದ್ದಾಗ ಅವನ ಕೈ ನಿಂತಿತು. ಸಂಡಾಸದ ತಗ್ಗುಗಳಿಂದ ನೀರು ಇಳಿಜಾರು ಹಿಡಿಯುವ ದಿಕ್ಕಿಗೆ ಅವನೇ ಬಾಣದ ಗುರುತು ಹಾಕಿದ್ದ. ಬಾಣ ಹಳ್ಳಕ್ಕೆ ಹೋಗಿ ಮುಟ್ಟಿತ್ತು. ಹಳ್ಳ ಚಿಗಳ್ಳಿಯ ಕೇರಿಯ ಬೆನ್ನಿಗೆ ಹರಿಯುತ್ತಿತ್ತು. ಅಲ್ಲಿ ಕೇರಿ ಎಂದು ಬರೆಯುವ ಅಗತ್ಯ ನಕಾಶೆಗೆ ಇರಲಿಲ್ಲವಾದ್ದರಿಂದ ಅವನು ಬರೆದಿರಲಿಲ್ಲ. ಬಹಳ ಹೊತ್ತು ಆ ಬಿಳಿ ಜಾಗ ನೋಡಿದ. ಆಮೇಲೆ ದಿಕ್ಕು ತೋರಿಸುವ ಉತ್ತರದ ಗುರುತನ್ನು ಅಲ್ಲಿಗೆ ತಂದು ಬಿಡಿಸಿದ. ಜಾಗ ತುಂಬಿತು.

ಉಳವಪ್ಪ ಬಂದು ಕೂಲಿಗೆ ಆಳು ಬರುತ್ತಿಲ್ಲ ಎಂದದ್ದು ಅದರ ಎರಡನೆಯ ದಿನ. ಕೇರಿಯಲ್ಲಿ ಮನೆಮನೆಗೂ ವಾಂತಿಭೇದಿ. “ಒಂದೀಟ ಬಂದು ನೋಡ್ರಿ ಸಾಹೇಬ್ರ. ಅಲ್ಲಿಂದ ಊರಿಗೆ ಹತ್ತಿದ್ರ ಕಷ್ಟ ಆಗತೈತಿ,” ಎಂದ. ಹೊಸಮನಿ ಔಷಧದ ಪೆಟ್ಟಿಗೆ, ಕುದಿಸಿದ ನೀರಿನ ಎರಡು ಹೂಜಿ ಸೈಕಲ್ಲಿಗೆ ಕಟ್ಟಿಕೊಂಡು ಅವನ ಹಿಂದೆ ಹೋದ. ಮನೆಗಳನ್ನು ಒಂದೊಂದಾಗಿ ನೋಡುತ್ತ, ಮಾತ್ರೆ ಕೊಡುತ್ತ, ಪುಸ್ತಕದಲ್ಲಿ ಹೆಸರು ಬರೆಯುತ್ತ ಕೊನೆಯ ಗುಡಿಸಲಿಗೆ ಬಂದಾಗ ಉಳವಪ್ಪ, “ಆಕೀದ,” ಎಂದು ದೂರದಲ್ಲೇ ನಿಂತ. ಅವನ ಜೊತೆ ಊರಿನ ಇಬ್ಬರು ಹಿರಿಯರೂ ಪಂಚೆ ಎತ್ತಿಕೊಂಡು ನಿಂತಿದ್ದರು.

ಮುದಕವ್ವ ಬಾಗಿಲ ಹತ್ತಿರವೇ ಗೋಣಿತಟ್ಟಿನ ಮೇಲೆ ಬಿದ್ದಿದ್ದಳು. ಕಣ್ಣು ಒಳಗೆ ಹೋಗಿದ್ದವು, ಕೈಬೆರಳು ನೀರಲ್ಲಿ ನೆನೆದು ಸುಕ್ಕಾದಂತೆ ಕಾಣುತ್ತಿದ್ದವು. ನೆರೆಯ ಹೆಂಗಸೊಬ್ಬಳು ತಂಬಿಗೆಯಲ್ಲಿ ಹಳ್ಳದ ನೀರು ಹಿಡಿದು ಕೂತಿದ್ದಳು. ಹೊಸಮನಿ ಅದನ್ನು ಚೆಲ್ಲಲು ಹೇಳಿ, ಹೊಸ್ತಿಲ ಒಳಗೆ ಒಂದು ಕಾಲಿಟ್ಟ. ಮುದಕವ್ವ ಕಣ್ಣು ಬಿಟ್ಟು ಅವನನ್ನು ನೋಡಿದಳು, ಅವನ ಹೆಗಲ ಮೇಲಿಂದ ಹೊರಗೆ ನಿಂತವರನ್ನೂ ನೋಡಿದಳು. ಆ ಸ್ಥಿತಿಯಲ್ಲೂ ಅವಳ ಕೈ ಸೆರಗು ಹುಡುಕಿತು.

“ಒಳಗ ಬರಬ್ಯಾಡ್ರಿ ಸಾಹೇಬ್ರ,” ಎಂದಳು, ಹೊರಗಿನವರಿಗೆ ಕೇಳುವಷ್ಟು ಗಟ್ಟಿಯಾಗಿ. “ಮಂದಿ ನೋಡಾಕತ್ತಾರ. ಅಲ್ಲಿಂದನ ಹಾಕ್ರಿ.”

ಅವನು ಕಾಲು ಹಿಂದೆ ತೆಗೆದುಕೊಂಡ. ನೆರೆಯವಳು ಅವಳನ್ನು ಎತ್ತಿ ಕೂರಿಸಿದಳು. ಮುದಕವ್ವ ಎರಡೂ ಅಂಗೈ ಸೇರಿಸಿ, ಬೊಗಸೆ ಮಾಡಿ, ಗಲ್ಲದ ಕೆಳಗೆ ಹಿಡಿದಳು. ಹೊಸಮನಿ ಹೂಜಿ ಬಗ್ಗಿಸಿದ. ನೀರು ಬೀಳತೊಡಗಿದ ಮೇಲೆ, ತನ್ನ ಕೈ ಎಷ್ಟು ಎತ್ತರದಲ್ಲಿದೆ ಎಂಬುದು ಅವನಿಗೆ ತಿಳಿಯಿತು. ಹೂಜಿಯ ಬಾಯಿಗೂ ಅವಳ ಬೊಗಸೆಗೂ ನಡುವೆ ಒಂದೂವರೆ ಮೊಳ. ಯಾರೂ ಹೇಳಿಕೊಟ್ಟಿರಲಿಲ್ಲ. ಕೆಳಗೆ ಕೂತು ಬೊಗಸೆ ಹಿಡಿದದ್ದು ಮಾತ್ರ ಅವನಿಗೆ ಗೊತ್ತಿದ್ದ ಪಾಠ. ಮೇಲಿನಿಂದ ಸುರಿಯುವುದು ಯಾವಾಗ ಕಲಿತದ್ದು. ಕೈ ಇಳಿಸಬೇಕೆಂದುಕೊಂಡ. ಬೆನ್ನಿಗೆ ಮೂವರ ಕಣ್ಣಿತ್ತು, ಕೈ ಇಳಿಯಲಿಲ್ಲ. ನೀರು ಅರ್ಧ ಬೊಗಸೆಗೆ, ಅರ್ಧ ಅವಳ ಎದೆಯ ಮೇಲೆ ಬಿತ್ತು. ಅವಳು ನೆಕ್ಕುವಂತೆ ಕುಡಿದಳು. ಸಾಕು ಎನ್ನುವಂತೆ ತಲೆ ಅಲ್ಲಾಡಿಸಿ, ಅವನೊಬ್ಬನಿಗೇ ಕೇಳುವ ದನಿಯಲ್ಲಿ, “ಉಂಡಿಯೇನು?” ಎಂದಳು. ಅವನು ಹೂಜಿಯ ಬಿರಡೆ ಹಾಕಿದ.

ಮರುದಿನ ಮಧ್ಯಾಹ್ನ ಅವಳು ಸತ್ತ ಸುದ್ದಿ ಬಂತು. ರೋಗದಿಂದ ಸತ್ತವರ ಮನೆಗೆ ಪೌಡರು ಹಾಕಿಸುವುದು, ಹಾಸಿಗೆ ಬಟ್ಟೆ ಸುಡಿಸುವುದು ಅವನ ಕೆಲಸವಾದ್ದರಿಂದ ಹೋಗಲೇಬೇಕಾಯಿತು. ಅಷ್ಟೊತ್ತಿಗೆ ಮಣ್ಣು ಮಾಡಿ ಬಂದಿದ್ದರು. ಗುಡಿಸಲ ಮುಂದೆ ಇಪ್ಪತ್ತು ಇಪ್ಪತ್ತೊಂದರ ಹೆಂಗಸೊಬ್ಬಳು, ಬಸುರಿ, ಒಬ್ಬಳೇ ಕೂತಿದ್ದಳು. ದಾಂಡೇಲಿಯಿಂದ ಬಂದವಳು, ಮಗಳು ಶಂಕ್ರೆವ್ವ. ಗಂಡ ಅಲ್ಲಿ ಮಿಲ್ಲಿನ ಕೂಲಿ, ಅಂಬೇವಾಡಿಯಲ್ಲಿ ಮನೆ. ಬಸ್ಸು ತಡವಾಗಿ ಅವಳಿಗೆ ತಾಯಿಯ ಮುಖ ಸಿಕ್ಕಿರಲಿಲ್ಲ. ಹೊಸಮನಿ ಗೋಡೆಯ ಬುಡಕ್ಕೆ ಪೌಡರು ಉದುರಿಸಿದ, ಗೋಣಿತಟ್ಟು ಸುಡಿಸಿದ. ಹೊಗೆ ಕಣ್ಣಿಗೆ ಬಂದರೂ ಅವಳು ಎದ್ದು ಸರಿಯಲಿಲ್ಲ. ಅವಳ ಹಣೆ, ಹುಬ್ಬು ತನ್ನ ತಾಯಿಯದು ಎಂದು ಅವನಿಗೆ ಕಂಡಿತು. ತಾಯಿಯ ಮುಖ ನೆನಪಿಲ್ಲ ಎಂದುಕೊಂಡಿದ್ದ ಅವನಿಗೆ ಅದು ಇಲ್ಲಿ ಹೀಗೆ ಎದುರಾಯಿತು. ಸೈಕಲ್ಲಿನ ಹತ್ತಿರ ಬಂದಾಗ ಅವಳು ಎದ್ದು ಬಂದಳು, ನಾಲ್ಕು ಮಾರು ದೂರದಲ್ಲಿ ನಿಂತಳು.

“ಒಂದ ಮಾತು ಕೇಳೂದಿತ್ರಿ ಸಾಹೇಬ್ರ.”

“ಏನು?”

“ನಮ್ಮ ಪೈಕಿ ಒಬ್ಬಾಂವ ಇಲ್ಲೇ ದೊಡ್ಡ ನೌಕರ್ಯಾಗ ಅದಾನಂತ್ರಿ. ಅವ್ವ ಹೋದ ತಿಂಗಳ ನನ್ನ ಕಡೆ ಬಂದಾಗ ಹೇಳತಿದ್ಲು. ಆಕೀ ಅಕ್ಕನ ಮಗ. ಹೆಸರು ಕೇಳಿದ್ರ ಹೇಳಲಿಲ್ಲ. ಹೇಳಿದ್ರ ಅವಗ ತ್ರಾಸ ಆಗತೈತಿ ಅಂದ್ಲು. ನಿಮಗೇನರ ಗೊತ್ತೈತೇನ್ರಿ?”

ಹೊಸಮನಿ ಸೈಕಲ್ಲಿನ ಕ್ಯಾರಿಯರಿಗೆ ಪೆಟ್ಟಿಗೆ ಬಿಗಿಯುತ್ತಿದ್ದ. ಹಗ್ಗದ ಗಂಟು ಸರಿಯಾಗಿಯೇ ಇತ್ತು. ಬಿಚ್ಚಿ ಮತ್ತೆ ಹಾಕಿದ.

“ಇದ್ದ,” ಎಂದ. “ವರ್ಗ ಆಗಿ ಹೋದ.”

“ಎಲ್ಲಿಗ್ರಿ?”

“ಘಟ್ಟದ ಕೆಳಗ.”

“ದೂರ ಆತು,” ಎಂದಳು ಶಂಕ್ರೆವ್ವ. ಅವನು ಹೊರಟ ಮೇಲೆ ಮತ್ತೆ ಎರಡು ಹೆಜ್ಜೆ ಅವನ ಹಿಂದೆ ಬಂದಳು. “ಎಲ್ಲೆರ ಭೆಟ್ಟಿ ಆದ್ರ ಹೇಳ್ರಿ, ಚಿಗವ್ವ ಹೋದ್ಲು ಅಂತ. ಅವಗೂ ಸೂತಕ ಬರತೈತಿ. ತಲಿಮ್ಯಾಲೆ ನೀರು ಹಾಕ್ಕೊಳ್ಳಾಕ ಹೇಳ್ರಿ. ಅಷ್ಟ.”

“ಹೇಳತೇನಿ,” ಎಂದ.

ಮುಂಡಗೋಡಕ್ಕೆ ಬಂದಾಗ ದೀಪ ಹಚ್ಚುವ ಹೊತ್ತಾಗಿತ್ತು. ಈರಕ್ಕ ಹಿತ್ತಲ ಬಾಗಿಲಲ್ಲಿ ನಿಂತು, ಅವನ ಬಟ್ಟೆಯ ಮೇಲಿನ ಸುಣ್ಣ, ಹೊಗೆಯ ವಾಸನೆ ನೋಡಿ, ಹಂಡೆಯಲ್ಲಿ ನೀರು ಕಾಯುತ್ತಿದೆ ಎಂದಳು. “ಎರಕೊಳ್ಳತೀರೇನ್ರಿ ತಲಿಮ್ಯಾಲೆ?” ಎಂದು ಕೇಳಿ, ತನ್ನ ಮಾತು ಕೆಟ್ಟದ್ದಾಗಿ ಕೇಳಿಸಿತೇನೋ ಎಂದು ತಾನೇ ನಕ್ಕಳು. “ಹೊತ್ತು ಮುಣಗಿದ ಮ್ಯಾಲೆ ತಲಿಮ್ಯಾಲೆ ಹಾಕ್ಕೊಂಡ್ರ ಯಾರು ಹೋದ್ರು ಅಂತ ಕೇಳ್ತಾರ್ರಿ ಓಣ್ಯಾಗ.”

ಹೊಸಮನಿ ಹಂಡೆಯ ಮುಚ್ಚಳ ತೆಗೆದ. ಬಿಸಿನೀರಿನ ಹಬೆ ಮುಖಕ್ಕೆ ಬಡಿಯುತ್ತಿತ್ತು.

“ಬ್ಯಾಡ್ರಿ ಅಕ್ಕಾರ,” ಎಂದ. “ಕಾಲಿಗೆ ಅಷ್ಟ ಸಾಕು.”

ಒಂದು ತಂಬಿಗೆ ತೆಗೆದುಕೊಂಡು, ಕಲ್ಲಿನ ಮೇಲೆ ನಿಂತು, ಎಡಗಾಲು, ಬಲಗಾಲು ತೊಳೆದ. ಹಿಮ್ಮಡಿಗೆ ಅಂಟಿದ ಚಿಗಳ್ಳಿಯ ಕೆಸರು ಹೋಗಲು ಇನ್ನೊಂದು ತಂಬಿಗೆ ಬೇಕಾಯಿತು. ಒಳಗೆ ಬಂದಾಗ ಈರಕ್ಕ ತಾಟು ಇಟ್ಟಿದ್ದಳು. ರೊಟ್ಟಿ ಬಿಸಿಯಾಗಿತ್ತು. ಅವನು ಕೂತು ಉಂಡ, ಇನ್ನೊಂದು ಹಾಕಲೇ ಎಂದಾಗ ಬೇಡವೆನ್ನಲಿಲ್ಲ.